ಮೃಗವನ್ನು ದೇವರು ಕಳಿಸಿದನೇ?



ಮಳೆಗಾಲ ಮುಗಿದು ಭತ್ತದ ತೆನೆ ಬಾಗುವ ಹೊತ್ತಿಗೆ ನಮ್ಮ ಇಂದೂರ, ಮುಂಡಗೋಡ, ಹಳಿಯಾಳ ಸೀಮೆಯ ರೈತನ ನಿದ್ದೆ ಹಾರಿಹೋಗುತ್ತದೆ. ದಾಂಡೇಲಿಯ ಕಾಡಿನ ಕಡೆಯಿಂದ ಆನೆಗಳು ಭತ್ತದ ಗದ್ದೆಗೆ, ಗೋವಿನಜೋಳದ ಹೊಲಕ್ಕೆ ಇಳಿಯುವ ಕಾಲ ಅದು. ಬೆಂಕಿ ಹಾಕಿಕೊಂಡು, ಡಬ್ಬಿ ಬಡಿಯುತ್ತ, ಪಟಾಕಿ ಸಿಡಿಸುತ್ತ ಗಂಡಸರು ರಾತ್ರಿಯೆಲ್ಲ ಹೊಲದಲ್ಲಿ ಕೂರುತ್ತಾರೆ. ಅವರು ಬೆಳಿಗ್ಗೆ ಮನೆಗೆ ಬರುವವರೆಗೆ ಹೆಂಗಸರು ಜಪಸರ ಹಿಡಿದು ಬಾಗಿಲ ಕಡೆಗೇ ನೋಡುತ್ತಿರುತ್ತಾರೆ. ಜೋಯಿಡಾ, ದಾಂಡೇಲಿಯ ಕಡೆಗೆ ಹೋದರೆ ಕರಡಿಯ ಭಯ ಬೇರೆ. ಕಟ್ಟಿಗೆಗೆಂದು, ಅಣಬೆಗೆಂದು ಕಾಡಿಗೆ ಹೋದವರು ಮೈತುಂಬ ಗಾಯದಿಂದ ಮರಳಿದ್ದನ್ನು ನೀವೂ ಕಂಡಿದ್ದೀರಿ.

ಹೀಗೆ ಹೋದವರಲ್ಲಿ ಒಬ್ಬರು ಮರಳಿ ಬಾರದಿದ್ದಾಗ ಆ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ. ಯಾಕೆ? ನಮಗೇ ಯಾಕೆ? ಕ್ರೈಸ್ತ ಮನೆಯಾದರೆ ಆ ಪ್ರಶ್ನೆ ಬಹುಬೇಗ ಗುರುಗಳ ಕಡೆಗೆ ತಿರುಗುತ್ತದೆ. ಗುರುಗಳು ಏನೆಂದು ಉತ್ತರಿಸಬೇಕು? ನೆರೆಯವರಾದ ನೀವು ಏನು ಹೇಳಬೇಕು? ಈ ವಾರ ನಿಮ್ಮೊಂದಿಗೆ ಇದನ್ನೇ ಚಿಂತಿಸಬೇಕೆಂದಿದ್ದೇನೆ. ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ನಾನು ಗುರುದೀಕ್ಷೆ ಪಡೆದು ಒಂದೆರಡು ವರ್ಷಗಳಾಗಿದ್ದವು. ಕಾಡಂಚಿನ ಒಂದು ಕೇರಿಯಲ್ಲಿ ಕಟ್ಟಿಗೆಗೆ ಹೋದ ಮನೆಯೊಡೆಯ ಕರಡಿಯ ಬಾಯಿಗೆ ಸಿಕ್ಕಿ ಸತ್ತ. ಸುದ್ದಿ ಬಂದೊಡನೆ ಮೋಟಾರ್ ಬೈಕ್ ಏರಿ ಹೋದೆ. ಅಂಗಳದಲ್ಲಿ ಜನ, ಒಳಗೆ ಅಳು. ಏನು ಹೇಳಬೇಕೆಂದು ತೋಚಲಿಲ್ಲ. ತೋಚದಿದ್ದಾಗ ನಾವು ಗುರುಗಳು ಸಾಮಾನ್ಯವಾಗಿ ಹೇಳುವ ಮಾತನ್ನೇ ಹೇಳಿದೆ: "ಎಲ್ಲವೂ ದೇವರ ಚಿತ್ತ, ತಾಯಿ. ಸಮಾಧಾನ ಮಾಡಿಕೊಳ್ಳಿ." ಅಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ಆ ಹೆಣ್ಣುಮಗಳು ತಲೆ ಎತ್ತಿದಳು. "ಫಾದರ್, ಹಂಗಂದ್ರ ಆ ಕರಡಿನ್ನ ದೇವರ ಕಳಿಸಿದ್ನೇನ್ರಿ?" ಎಂದು ಕೇಳಿದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ಗುರುಮಠದಲ್ಲಿ ವರ್ಷಗಟ್ಟಲೆ ತತ್ವಶಾಸ್ತ್ರ, ದೈವಶಾಸ್ತ್ರ ಓದಿದ್ದ ನಾನು ಏನೂ ಹೇಳಲಾಗದೆ ಪ್ರಾರ್ಥನಾ ಪುಸ್ತಕ ತೆರೆದೆ. ಅಂದು ಪ್ರಾರ್ಥನೆ ಮಾಡಿದ್ದು ಅವಳಿಗಾಗಿ ಅಲ್ಲ, ಅವಳ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಎಂಬುದು ನನಗೆ ಗೊತ್ತು. ಇಂದಿನ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಪಡಮಲದ ಒಂದು ಮನೆ

2024ರ ಫೆಬ್ರವರಿ 10ರ ಬೆಳಿಗ್ಗೆ ನಮ್ಮ ರಾಜ್ಯದ ಗಡಿಗೆ ಹತ್ತಿಕೊಂಡಿರುವ ವಯನಾಡು ಜಿಲ್ಲೆಯ ಮಾನಂತವಾಡಿಯ ಬಳಿ, ಪಡಮಲ ಎಂಬ ಊರಿನಲ್ಲಿ, ಒಂದು ಕಾಡಾನೆ ಒಬ್ಬ ಕ್ರೈಸ್ತ ಗೃಹಸ್ಥನನ್ನು ಅಟ್ಟಿಸಿಕೊಂಡು ಬಂದಿತು. ಜೀವ ಉಳಿಸಿಕೊಳ್ಳಲು ಆತ ಒಂದು ಮನೆಯ ಆವರಣದೊಳಗೆ ನುಗ್ಗಿದ. ಆನೆ ಗೇಟನ್ನು ಮುರಿದು ಒಳಗೆ ಬಂದು ಅಲ್ಲಿಯೇ ಅವನನ್ನು ಕೊಂದಿತು. ಆ ಮನೆಯ ಕ್ಯಾಮೆರಾದಲ್ಲಿ ದಾಖಲಾದ ದೃಶ್ಯವನ್ನು ದೇಶವೆಲ್ಲ ನೋಡಿತು.

ಆ ಆನೆ ಅಪರಿಚಿತ ಆನೆಯಾಗಿರಲಿಲ್ಲ. ಅದಕ್ಕೊಂದು ಹೆಸರೇ ಇತ್ತು: ಬೇಲೂರು ಮಖ್ನಾ. ಕೋರೆ ಇಲ್ಲದ ಗಂಡಾನೆಯನ್ನು ಮಖ್ನಾ ಎನ್ನುತ್ತಾರೆ. ನಮ್ಮ ಹಾಸನ ಜಿಲ್ಲೆಯ ಬೇಲೂರು ಭಾಗದಲ್ಲಿ ಅದನ್ನು 2023ರ ನವೆಂಬರ್‌ನಲ್ಲಿ ಹಿಡಿದು, ಕುತ್ತಿಗೆಗೆ ರೇಡಿಯೋ ಕಾಲರ್ ಕಟ್ಟಿ, ಬಂಡೀಪುರದ ಮೂಲೆಹೊಳೆ ಕಾಡಿಗೆ ಬಿಡಲಾಗಿತ್ತು. ಅದು ಎಲ್ಲಿದೆ ಎಂದು ತಿಳಿಯುವುದಕ್ಕಾಗಿಯೇ ಕಟ್ಟಿದ್ದ ಪಟ್ಟಿ ಅದು. ಕಾಡಿಗೆ ಗಡಿಕಲ್ಲು ಗೊತ್ತಿಲ್ಲ. ಆನೆ ಕೇರಳಕ್ಕೆ ದಾಟಿತು.

ಹೀಗಾಗಿ ಆ ಕುಟುಂಬದ ಪ್ರಶ್ನೆ, ಆ ಊರಿನ ಪ್ರಶ್ನೆ ಬಹಳ ಸರಳವಾಗಿತ್ತು. ಆನೆ ಎಲ್ಲಿದೆ ಎಂದು ತಿಳಿಯುವ ಸಾಧನ ಇರುವಾಗ, ಅದು ನಮ್ಮ ಊರೊಳಗೆ ಬಂದಿದೆ ಎಂದು ನಮಗೆ ಯಾಕೆ ಯಾರೂ ಹೇಳಲಿಲ್ಲ? ಜನ ಶವವನ್ನು ಮಾನಂತವಾಡಿಯ ಪೇಟೆಯಲ್ಲಿಟ್ಟು ಈ ಪ್ರಶ್ನೆ ಕೇಳಿದರು. ಕಾಲರಿನ ಸಂಕೇತದ ವಿವರವನ್ನು ಯಾರು, ಯಾವಾಗ, ಯಾರಿಗೆ ಕೊಟ್ಟರು ಎಂದು ಎರಡು ರಾಜ್ಯಗಳ ನಡುವೆ ವಾದ ನಡೆಯಿತು. ವಿಷಯ ಕೇರಳ ಹೈಕೋರ್ಟಿನ ಮುಂದೆಯೂ ಬಂತು. ಅದೇ ತಿಂಗಳು ಕರ್ನಾಟಕ ಸರ್ಕಾರ ಆ ಕುಟುಂಬಕ್ಕೆ 15 ಲಕ್ಷ ರೂಪಾಯಿ ಪರಿಹಾರ ಪ್ರಕಟಿಸಿತು. ಆದರೆ ಆ ಹಣದ ಸುತ್ತ ರಾಜಕೀಯದ ಮಾತುಗಳು ಎದ್ದಾಗ ಕುಟುಂಬದವರು ತಮಗೆ ಆ ಹಣ ಬೇಡವೆಂದರು.

ಸ್ವಲ್ಪ ನಿಂತು ಯೋಚಿಸಿ. ದುಡಿಯುವ ಕೈ ಹೋದ ಮನೆಗೆ 15 ಲಕ್ಷ ಸಣ್ಣ ಮೊತ್ತವಲ್ಲ. ಅದನ್ನು ಬಿಟ್ಟುಕೊಟ್ಟ ಮನೆಯವರ ಎದೆಯಲ್ಲಿ ಏನಿತ್ತೆಂದು ನಾನು ಹೇಳಲಾರೆ. ಆದರೆ ಅವರ ನಡೆ ನನಗೊಂದು ಪಾಠ ಹೇಳಿತು. ಸತ್ತವನ ಮನೆಯವರು ಕೇಳುವ ಪ್ರಶ್ನೆಯನ್ನು ಹಣದಿಂದ ಮುಚ್ಚಲಾಗದು. ಪ್ರವಚನದಿಂದಲೂ ಮುಚ್ಚಲಾಗದು.

ಯಕೋಬನ ಕೈಯಲ್ಲಿ ರಕ್ತದ ಅಂಗಿ

ಪವಿತ್ರ ಗ್ರಂಥದ ಮೊದಲ ಪುಸ್ತಕದಲ್ಲಿಯೇ ಇಂಥ ಒಂದು ಮನೆ ಇದೆ. ಆದಿಕಾಂಡದ 37ನೇ ಅಧ್ಯಾಯವನ್ನು ಇಂದು ಮನೆಯಲ್ಲಿ ತೆರೆದು ಓದಿ. ಮುದುಕ ಯಕೋಬನ ಕೈಗೆ ಪ್ರೀತಿಯ ಮಗ ಜೋಸೆಫನ ಅಂಗಿಯನ್ನು ತಂದು ಕೊಡುತ್ತಾರೆ. ಅಂಗಿಯ ತುಂಬ ರಕ್ತ. ಯಾವುದೋ ಕಾಡುಮೃಗ ನನ್ನ ಮಗನನ್ನು ಸೀಳಿ ತಿಂದಿದೆ ಎಂದು ತಂದೆ ಎದೆ ಬಡಿದುಕೊಳ್ಳುತ್ತಾನೆ, ಗೋಣಿತಟ್ಟು ಉಟ್ಟು ಬಹುದಿನ ಶೋಕಿಸುತ್ತಾನೆ. ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಸಂತೈಸಲು ಬರುತ್ತಾರೆ. ಅವನು ಸಂತೈಸಿಕೊಳ್ಳಲು ಒಪ್ಪುವುದೇ ಇಲ್ಲ.

ನಮಗೆಲ್ಲ ಈ ಕಥೆ ಗೊತ್ತು. ಜೋಸೆಫನನ್ನು ಯಾವ ಮೃಗವೂ ತಿಂದಿರಲಿಲ್ಲ. ಅಣ್ಣಂದಿರು ಅವನನ್ನು ಮಾರಿ, ಅಂಗಿಯನ್ನು ಮೇಕೆಯ ರಕ್ತದಲ್ಲಿ ಅದ್ದಿ, ತಪ್ಪನ್ನು ಕಾಡುಮೃಗದ ಮೇಲೆ ಹೊರಿಸಿದ್ದರು. ಅಂದು ತಂದೆಯನ್ನು ಸಂತೈಸಲು ಬಂದವರಲ್ಲಿ ಆ ತಪ್ಪಿತಸ್ಥರೂ ಇದ್ದರು! ಸತ್ಯ ಅವರ ಎದೆಯಲ್ಲಿತ್ತು. ಬಾಯಲ್ಲಿ ಮಾತ್ರ ಸಮಾಧಾನದ ಮಾತು. ಯಕೋಬ ಆ ಸಮಾಧಾನವನ್ನು ಒಪ್ಪಲಿಲ್ಲ. ಧರ್ಮಗ್ರಂಥ ಅದಕ್ಕಾಗಿ ಅವನನ್ನು ಎಲ್ಲಿಯೂ ಆಕ್ಷೇಪಿಸುವುದಿಲ್ಲ.

ಪಡಮಲದಲ್ಲಿ ಕೊಂದದ್ದು ನಿಜವಾಗಿಯೂ ಆನೆಯೇ. ಆದರೂ ಯಕೋಬನ ಮನೆ ನಮಗೊಂದು ವಿವೇಕ ಕಲಿಸುತ್ತದೆ. ಮೃಗ ಕೊಂದಿತು ಎಂದೊಡನೆ ಮಾತು ಮುಗಿಯುವುದಿಲ್ಲ. ಆ ಮನೆಯ 'ಯಾಕೆ' ಎಂಬ ಒಂದೇ ಪದದೊಳಗೆ ಎರಡು ಪ್ರಶ್ನೆಗಳಿವೆ. ಒಂದು ದೇವರಿಗೆ ಕೇಳಿದ್ದು, ಇನ್ನೊಂದು ಮನುಷ್ಯರಿಗೆ ಕೇಳಿದ್ದು. ಮನುಷ್ಯರು ಉತ್ತರಿಸಬೇಕಾದ ಪ್ರಶ್ನೆಯನ್ನು ದೇವರ ಹೆಗಲಿಗೆ ಹೊರಿಸುವುದೇ ನಾವು ಮಾಡುವ ದೊಡ್ಡ ತಪ್ಪು. 'ದೇವರ ಚಿತ್ತ' ಎಂದು ನಾನು ಆ ದಿನ ಹೇಳಿದಾಗ ಮಾಡಿದ್ದು ಇದನ್ನೇ.

ದೇವರಿಗೆ ಕೇಳುವ ಪ್ರಶ್ನೆ

ಮೃಗವನ್ನು ದೇವರು ಕಳಿಸಿದನೇ? ಸತ್ತವರು ಪಾಪ ಮಾಡಿದ್ದರೇ? ನಮ್ಮ ಹಳ್ಳಿಗಳಲ್ಲಿ ಈ ಪಿಸುಮಾತು ಇಂದಿಗೂ ಇದೆ. ಹರಕೆ ತೀರಿಸಿರಲಿಲ್ಲವಂತೆ, ಪೂಜೆಗೆ ಬರುವುದನ್ನೇ ಬಿಟ್ಟಿದ್ದನಂತೆ ಎಂದು ಅಂಗಳದ ಮೂಲೆಯಲ್ಲಿ ಯಾರೋ ಒಬ್ಬರು ಹೇಳುತ್ತಾರೆ. ಆ ಮಾತು ಹೇಗೋ ವಿಧವೆಯ ಕಿವಿಗೆ ಬೀಳುತ್ತದೆ. ಸಾವಿನ ಗಾಯದ ಮೇಲೆ ಅದು ಇನ್ನೊಂದು ಗಾಯ.

ಪ್ರಭು ಯೇಸು ಇದಕ್ಕೆ ನೇರವಾಗಿ ಉತ್ತರಿಸಿದ್ದಾರೆ. ಸಿಲೋವಾಮಿನ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತಿದ್ದರು. ಸತ್ತವರು ಜೆರುಸಲೇಮಿನ ಉಳಿದೆಲ್ಲರಿಗಿಂತ ಹೆಚ್ಚಿನ ಪಾಪಿಗಳಾಗಿದ್ದರೆಂದು ತಿಳಿಯಬೇಡಿ ಎಂದು ಪ್ರಭು ಸ್ಪಷ್ಟವಾಗಿ ಹೇಳಿದರು. ಅನಂತರ ಅವರು ಸತ್ತವರ ಲೆಕ್ಕ ತೆಗೆಯಲಿಲ್ಲ. ಬದುಕಿರುವವರತ್ತ ತಿರುಗಿ, ನೀವು ಬದಲಾಗಿ ಎಂದರು (ಲೂಕ 13). ಸಾವಿನ ಮನೆಯಲ್ಲಿ ಪಾಪದ ಲೆಕ್ಕ ತೆಗೆಯುವವನು ಕ್ರಿಸ್ತನ ಮಾತಿಗೆ ವಿರುದ್ಧವಾಗಿ ಮಾತನಾಡುತ್ತಿದ್ದಾನೆ ಎಂಬುದನ್ನು ದಯವಿಟ್ಟು ನೆನಪಿಡಿ.

ನಮ್ಮ ಧರ್ಮಸಭೆಯ ಮಹಾಪಂಡಿತ ಸಂತ ಥಾಮಸ್ ಅಕ್ವಿನಾಸರು ಹದಿಮೂರನೇ ಶತಮಾನದಲ್ಲಿಯೇ ಈ ವಿಷಯವನ್ನು ವಿಚಾರಿಸಿದ್ದರು. ಆದಾಮನ ಪಾಪದಿಂದ ಸಿಂಹದ ಸ್ವಭಾವ ಬದಲಾಗಲಿಲ್ಲ ಎಂಬುದು ಅವರ ಅಭಿಪ್ರಾಯ. ಬೇಟೆಯಾಡುವ ಪ್ರಾಣಿಯ ಸ್ವಭಾವವೇ ಅದು. ಅಂದರೆ ಆನೆ ದೇವರ ಪೊಲೀಸನೂ ಅಲ್ಲ, ಸೈತಾನನ ದೂತನೂ ಅಲ್ಲ. ಅದು ಆನೆ. ಹಸಿವು, ಭಯ, ಮರಿಯ ಮೇಲಿನ ಮಮತೆ, ಮದ ಇವು ಅದನ್ನು ನಡೆಸುತ್ತವೆ. ಪಾಪ ಪುಣ್ಯದ ವಿವೇಚನೆ ಅದಕ್ಕಿಲ್ಲ. ದೇವರು ಇಚ್ಛಿಸುವುದು ಬೇರೆ, ಸೃಷ್ಟಿಯ ನಿಯಮದೊಳಗೆ ನಡೆಯಲು ಬಿಡುವುದು ಬೇರೆ ಎಂದು ಗುರುಮಠದಲ್ಲಿ ನಮಗೆ ಕಲಿಸುತ್ತಾರೆ. ಇದು ಸತ್ಯವಾದ ಪಾಠ. ಆದರೆ ಪಾಠ ಸತ್ಯವಾದ ಮಾತ್ರಕ್ಕೆ ಶವದ ಮುಂದೆ ಹೇಳತಕ್ಕದ್ದೆಂದಲ್ಲ.

ಹಾಗಾದರೆ ನೊಂದವರು ದೇವರನ್ನು ಪ್ರಶ್ನಿಸಬಹುದೇ? ಖಂಡಿತ ಪ್ರಶ್ನಿಸಬಹುದು. ತಮ್ಮ ಸತ್ತ ಸಹೋದರ ಲಾಜರನಿಗಾಗಿ ಅಳುತ್ತಿದ್ದ ಮಾರ್ತ ಮತ್ತು ಮರಿಯ, ನೀವು ಇಲ್ಲಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಪ್ರಭುವಿನ ಮುಖಕ್ಕೇ ಹೇಳಿದರು. ಅದು ಪ್ರಾರ್ಥನೆಯೂ ಹೌದು, ದೂರೂ ಹೌದು. ಯೇಸು ಅವರನ್ನು ಗದರಿಸಲಿಲ್ಲ. ಸಮಾಧಿಯ ಬಳಿ ನಿಂತು ತಾವೂ ಅತ್ತರು (ಯೊವಾನ್ನ 11). ಕೊನೆಗೆ ಶಿಲುಬೆಯ ಮೇಲೆ, ತನ್ನನ್ನು ಯಾಕೆ ಕೈಬಿಟ್ಟೆ ಎಂದು ತಂದೆಯನ್ನು ಕೂಗಿ ಕೇಳಿದವರೂ ಅವರೇ. ದೇವಪುತ್ರರೇ ಕೇಳಿದ ಪ್ರಶ್ನೆಯನ್ನು ಒಬ್ಬ ವಿಧವೆ ಕೇಳಿದರೆ ಅದು ಅವಿಶ್ವಾಸವಾಗುವುದು ಹೇಗೆ? ಆ ಕೂಗಿಗೆ ಶುಕ್ರವಾರದಂದು ಮಾತಿನ ಉತ್ತರ ಬರಲಿಲ್ಲ. ಮೂರನೆಯ ದಿನ ಬರಿದಾದ ಸಮಾಧಿಯೇ ಉತ್ತರವಾಯಿತು. ನಮ್ಮ ಭರವಸೆ ಅಲ್ಲಿದೆ. ಆದರೆ ಶುಕ್ರವಾರದ ದುಃಖದಲ್ಲಿರುವವರನ್ನು ಭಾನುವಾರಕ್ಕೆ ದರದರನೆ ಎಳೆದುಕೊಂಡು ಹೋಗುವ ಅವಸರ ನಮಗೆ ಬೇಡ.

ಮನುಷ್ಯರಿಗೆ ಕೇಳುವ ಪ್ರಶ್ನೆ

ಇನ್ನು ಎರಡನೆಯ ಪ್ರಶ್ನೆ. ವಿಮೋಚನಾಕಾಂಡದ 21ನೇ ಅಧ್ಯಾಯದಲ್ಲಿ ಒಂದು ಕಟ್ಟಳೆ ಇದೆ. ಒಂದು ಎತ್ತು ಹಾಯ್ದು ಮನುಷ್ಯ ಸತ್ತರೆ ಯಜಮಾನ ನಿರಪರಾಧಿ. ಆದರೆ ಅದು ಹಾಯುವ ಎತ್ತೆಂದು ಮೊದಲೇ ತಿಳಿದಿದ್ದು, ಅವನಿಗೆ ಎಚ್ಚರಿಕೆ ಕೊಟ್ಟಿದ್ದರೂ ಕಟ್ಟಿಹಾಕದೆ ಬಿಟ್ಟಿದ್ದರೆ ಹೊಣೆ ಯಜಮಾನನದು. ಕಾಡಾನೆಗೆ ಯಜಮಾನನಿಲ್ಲ, ನಿಜ. ಆದರೆ ಈ ಕಟ್ಟಳೆಯ ತಿರುಳು ಇಂದಿಗೂ ಹಳತಾಗಿಲ್ಲ. ತಿಳಿದವನ ಮೇಲೆ ಹೊಣೆ ಬೀಳುತ್ತದೆ. ಕಾಲರ್ ಕಟ್ಟಿದವರು ತಿಳಿದವರು. ಆದ್ದರಿಂದ 'ನಮಗೆ ಯಾಕೆ ಹೇಳಲಿಲ್ಲ' ಎಂಬ ಪಡಮಲದ ಪ್ರಶ್ನೆ ನ್ಯಾಯವಾದ ಪ್ರಶ್ನೆ. ಮೋಶೆಯ ಕಾಲದಿಂದಲೂ ದೇವರ ಪ್ರಜೆ ಕೇಳುತ್ತ ಬಂದಿರುವ ಪ್ರಶ್ನೆ.

ಆ ಪ್ರಶ್ನೆ ವ್ಯರ್ಥವಾಗಲಿಲ್ಲ ಎಂಬುದನ್ನೂ ಹೇಳಬೇಕು. ಘಟನೆ ನಡೆದು ಒಂದು ತಿಂಗಳಿಗೆ, 2024ರ ಮಾರ್ಚ್ 10ರಂದು, ಬಂಡೀಪುರದಲ್ಲಿ ಕರ್ನಾಟಕ ಮತ್ತು ಕೇರಳದ ಅರಣ್ಯ ಸಚಿವರು ಸೇರಿ, ಗಡಿಯ ಕಾಡುಗಳಲ್ಲಿ ಒಟ್ಟಾಗಿ ಕೆಲಸ ಮಾಡುವ, ಮಾಹಿತಿ ಹಂಚಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದರು. ಸತ್ತವನು ಅದರಿಂದ ಮರಳಿ ಬರುವುದಿಲ್ಲ. ಆದರೆ ಮುಂದೆ ಇನ್ನೊಂದು ಮನೆ ಉಳಿಯಬಹುದು. 'ಎಲ್ಲವೂ ದೇವರ ಚಿತ್ತ' ಎಂದು ಅಂದು ಜನ ಸುಮ್ಮನೆ ಮನೆಗೆ ಹೋಗಿದ್ದರೆ ಆ ಸಹಿ ಬೀಳುತ್ತಿತ್ತೇ? ನೀವೇ ಹೇಳಿ.

ತಿಳಿಸುವುದರಿಂದ ಜೀವ ಉಳಿಯುತ್ತದೆ ಎಂಬುದಕ್ಕೆ ತಮಿಳುನಾಡಿನ ವಾಲ್ಪಾರೈ ಸಾಕ್ಷಿ. ಚಹಾ ತೋಟಗಳ ನಡುವೆ ಆನೆಗಳು ಓಡಾಡುವ ಆ ಬೆಟ್ಟದಲ್ಲಿ ವನ್ಯಜೀವಿ ಸಂಶೋಧಕರು, ಅರಣ್ಯ ಇಲಾಖೆ, ತೋಟದ ಜನ ಸೇರಿ ಒಂದು ವ್ಯವಸ್ಥೆ ಮಾಡಿದರು. ಆನೆ ಎಲ್ಲಿದೆ ಎಂದು ಸಂಜೆ ಹೊತ್ತಿಗೆ ಮೊಬೈಲಿಗೆ ಸಂದೇಶ ಬರುತ್ತದೆ. ಆನೆ ಹತ್ತಿರವಿರುವ ಕಡೆ ಎತ್ತರದ ಕಂಬದ ಮೇಲೆ ಕೆಂಪು ದೀಪ ಉರಿಯುತ್ತದೆ. ದೀಪ ಕಂಡ ಕೂಲಿಕಾರರು ಆ ದಾರಿ ಬಿಟ್ಟು ಬೇರೆ ದಾರಿ ಹಿಡಿಯುತ್ತಾರೆ. ಅಲ್ಲಿ ಆನೆಗಳು ಇಂದಿಗೂ ಇವೆ, ಸಾವುಗಳು ಮಾತ್ರ ಕಡಿಮೆಯಾದವು. ಒಂದು ಕೆಂಪು ದೀಪಕ್ಕೆ ಸಾಧ್ಯವಾದದ್ದನ್ನು ಮಾಡದೆ ದೇವರನ್ನು ದೂರುವುದು ನ್ಯಾಯವೇ?

ಇಷ್ಟು ಹೇಳಿದೆನೆಂದು ಅರಣ್ಯ ಇಲಾಖೆಯ ನೌಕರರನ್ನು ಶತ್ರುಗಳೆಂದು ಕಾಣಬೇಡಿ. ಲಾಠಿ, ಬ್ಯಾಟರಿ ಹಿಡಿದು ರಾತ್ರಿ ಆನೆಯ ಹಿಂದೆ ಅಲೆಯುವ ಗಾರ್ಡು, ವಾಚರುಗಳಿಗೂ ಹೆಂಡತಿ ಮಕ್ಕಳಿದ್ದಾರೆ. 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡಿದ್ದ ಆನೆಗೆ ಚಿಕಿತ್ಸೆ ಕೊಡಲು ಅರಿವಳಿಕೆ ಮದ್ದು ಹಾರಿಸಲು ಹೋದ ಇಲಾಖೆಯ ಅನುಭವಿ ನೌಕರರೊಬ್ಬರು ಅದೇ ಆನೆಯ ಕಾಲಿಗೆ ಸಿಕ್ಕಿ ಸತ್ತರು. ಆ ಮನೆಯವರೂ ಇದೇ 'ಯಾಕೆ'ಯನ್ನು ಹೊತ್ತು ಕೂತಿರಬೇಕು. ದುಃಖದ ಮನೆಗಳು ಬೇಲಿಯ ಎರಡೂ ಬದಿಯಲ್ಲಿವೆ.

ಪ್ರಾಮಾಣಿಕರಾಗಿ ಕೇಳಿದರೆ ಈ ಪ್ರಶ್ನೆ ಇಲಾಖೆಯ ಬಾಗಿಲಲ್ಲಿಯೇ ನಿಲ್ಲುವುದಿಲ್ಲ. ನಮ್ಮ ಬಾಗಿಲಿಗೂ ಬರುತ್ತದೆ. 2019ರಿಂದ 2023ರವರೆಗಿನ ಐದು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಆನೆಯಿಂದ ಸತ್ತವರ ಸಂಖ್ಯೆ 2,853 ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದೆ. ಕರ್ನಾಟಕದಲ್ಲಿ 2023ರ ಗಣತಿಯಂತೆ 6,395 ಆನೆಗಳಿವೆ. ದೇಶದಲ್ಲಿಯೇ ಅತಿ ಹೆಚ್ಚು ಆನೆಗಳಿರುವ ರಾಜ್ಯ ನಮ್ಮದು. ಅವು ಎಲ್ಲಿಗೆ ಹೋಗಬೇಕು? ನಮ್ಮ ಜಿಲ್ಲೆಯನ್ನೇ ನೋಡಿ. ದಾಂಡೇಲಿಯಲ್ಲಿ 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು. 1987ರಲ್ಲಿ ಸೂಪಾ ಅಣೆಕಟ್ಟು ಮುಗಿದು ಕಾಳಿ ಕಣಿವೆಯ ಊರುಗಳೂ ಕಾಡೂ ನೀರಿನಡಿ ಹೋದವು. ರಸ್ತೆಗಳು, ವಿದ್ಯುತ್ ಮಾರ್ಗಗಳು, ಹೊಸ ಹೊಲಗಳು ಬಂದವು. ಇತ್ತೀಚೆಗೆ ಕಾಡಂಚಿನ ರೆಸಾರ್ಟುಗಳೂ ಬಂದಿವೆ. ಇವುಗಳಲ್ಲಿ ಎಷ್ಟೋ ನಮ್ಮ ಅನ್ನಕ್ಕೆ, ಬೆಳಕಿಗೆ ಬೇಕಾಗಿದ್ದವೇ. ಆದರೆ ಲೆಕ್ಕ ಲೆಕ್ಕವೇ. ಪೇಟೆಯವನ ಮನೆಗೆ ವಿದ್ಯುತ್ತು ಹೋಯಿತು, ಪ್ರವಾಸಿಗೆ ಕಾಡಿನ ಸೊಗಸು ಸಿಕ್ಕಿತು. ಕರಡಿಯ ಎದುರು ನಿಂತವನು ಮಾತ್ರ ಕಟ್ಟಿಗೆ ಆಯುವ ಬಡವ. ವಿಶ್ವಗುರು ಫ್ರಾನ್ಸಿಸರು 2015ರ 'ಲೌದಾತೊ ಸೀ' ಪರಿಪತ್ರದಲ್ಲಿ, ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಬೇರೆ ಬೇರೆಯಾಗಿ ಕೇಳಬೇಡಿ, ಒಟ್ಟಿಗೆ ಕೇಳಿ ಎಂದು ನಮಗೆ ಕಲಿಸಿದ್ದು ಇದಕ್ಕಾಗಿಯೇ.

ನಾವು ಮಾಡಬೇಕಾದದ್ದು

ಯೋಬನ ಮೂವರು ಗೆಳೆಯರನ್ನು ನೆನಪಿಸಿಕೊಳ್ಳಿ. ಅವನ ಮೇಲೆ ಕೇಡು ಬಂದಾಗ ಅವರು ಬಂದು ಏಳು ಹಗಲು ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಮಾತಿಲ್ಲದೆ ಕೂತರು. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರೇ. ಬಾಯಿ ತೆರೆದು ದೇವರ ಪರವಾಗಿ ವಾದಿಸಲು ತೊಡಗಿದ ಮೇಲೆ ಕೆಟ್ಟರು. ಕೊನೆಗೆ ದೇವರು ಮೆಚ್ಚಿದ್ದು ಪ್ರಶ್ನಿಸಿದ ಯೋಬನನ್ನು. ತನ್ನ ಪರವಾಗಿ ವಾದಿಸಿದ ಗೆಳೆಯರ ಮೇಲೆ ದೇವರು ಕೋಪಗೊಂಡರು.

ಆದ್ದರಿಂದ ಇಂಥ ಸಾವು ನಮ್ಮ ಧರ್ಮಕೇಂದ್ರದ ಯಾವ ಮನೆಗೆ ಬಂದರೂ, ಆ ಮನೆ ಯಾವ ಜಾತಿಯದು, ಯಾವ ಧರ್ಮದ್ದು ಎಂದು ನೋಡದೆ, ನಾವು ಮಾಡಬಹುದಾದ ಕೆಲವು ಕೆಲಸಗಳನ್ನು ಹೇಳುತ್ತೇನೆ.

ಮೊದಲನೆಯದಾಗಿ, ಹೋಗಿ ಕೂತುಕೊಳ್ಳಿ. ಏಳು ದಿನ ಆಗದಿದ್ದರೂ ಮೂರು ದಿನ ಸರದಿಯ ಮೇಲೆ ಒಬ್ಬರಾದರೂ ಇರಿ. ಗಂಜಿ ಬೇಯಿಸಿ ಕೊಡಿ, ದನಕ್ಕೆ ಹುಲ್ಲು ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ. ಬಾಯಿಗೆ ಬಂದ ವೇದಾಂತ ಬೇಡ.

ಎರಡನೆಯದಾಗಿ, ಕಾಗದಪತ್ರದ ಕೆಲಸಕ್ಕೆ ಜೊತೆಯಾಗಿ. ದುಃಖದಲ್ಲಿರುವವರಿಗೆ ಕಚೇರಿ ಅಲೆಯುವ ಶಕ್ತಿ ಇರುವುದಿಲ್ಲ. ಅರಣ್ಯ ಇಲಾಖೆಗೂ ಪೊಲೀಸರಿಗೂ ಕೂಡಲೇ ತಿಳಿಸಬೇಕು. ಸ್ಥಳದ ಪಂಚನಾಮೆ, ಮರಣೋತ್ತರ ಪರೀಕ್ಷೆ ಆಗಬೇಕು. ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಬ್ಯಾಂಕಿನ ಪಾಸ್‌ಬುಕ್ ಬೇಕಾಗುತ್ತವೆ. ವನ್ಯಮೃಗದಿಂದಾದ ಸಾವಿಗೆ ನಮ್ಮ ರಾಜ್ಯ ಕೊಡುತ್ತಿದ್ದ ಏಳೂವರೆ ಲಕ್ಷ ರೂಪಾಯಿಯನ್ನು 2022ರ ಕೊನೆಯಲ್ಲಿ 15 ಲಕ್ಷಕ್ಕೆ ಏರಿಸಲಾಯಿತು. ಇದು ಯಾರೋ ಕೊಡುವ ಭಿಕ್ಷೆಯಲ್ಲ, ಆ ಮನೆಗೆ ಸಲ್ಲಬೇಕಾದದ್ದು. ಓದು ಬಲ್ಲ ನಮ್ಮ ಯುವಕ ಯುವತಿಯರು ಆ ವಿಧವೆಯ ಜೊತೆ ನಾಲ್ಕು ಸಲ ಕಚೇರಿಗೆ ಹೋಗಿ ಬಂದರೆ ಅದೂ ದೇವಸೇವೆಯೇ.

ಮೂರನೆಯದಾಗಿ, ಆ ಮನೆಯವರು ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿಸಬೇಡಿ. ಎಲ್ಲಿ ಎಚ್ಚರಿಕೆ ತಪ್ಪಿತು, ದೀಪ ಯಾಕೆ ಉರಿಯುತ್ತಿರಲಿಲ್ಲ, ಯಾರಿಗೆ ತಿಳಿದಿತ್ತು ಎಂದು ಅವರು ಕೇಳಲಿ. ಅವರ ಜೊತೆ ನಿಂತು ನಾವೂ ಕೇಳೋಣ. ಶಾಂತವಾಗಿ, ಕಲ್ಲು ಎಸೆಯದೆ ಕೇಳೋಣ. ಆದರೆ ಉತ್ತರ ಸಿಗುವವರೆಗೆ ಬಿಡದೆ ಕೇಳೋಣ.

ನಾಲ್ಕನೆಯದಾಗಿ, ನಮ್ಮ ಕೈಯಲ್ಲಿರುವ ಎಚ್ಚರವನ್ನು ನಾವೇ ಪಾಲಿಸೋಣ. ಕಟ್ಟಿಗೆಗೆ ಒಬ್ಬರೇ ಹೋಗುವುದು ಬೇಡ. ನಸುಕಿನಲ್ಲಿ, ಕತ್ತಲಾದ ಮೇಲೆ ಕಾಡುದಾರಿ ಬೇಡ. ಬಯಲಿಗೆ ಹೋಗುವ ಪ್ರಸಂಗ ಬಾರದಂತೆ ಪ್ರತಿ ಮನೆಗೂ ಶೌಚಾಲಯ ಇರಲಿ. ಕುಡಿದು ಹೊಲ ಕಾಯಲು ಹೋಗಬೇಡಿ. ಆನೆ ಬಂದಿದೆ ಎಂದೊಡನೆ ಮೊಬೈಲ್ ಹಿಡಿದು ಫೋಟೊಕ್ಕಾಗಿ ಓಡುವ ಹುಡುಗರನ್ನು ತಡೆಯಿರಿ. ಬೇಲಿಗೆ ಕದ್ದ ಕರೆಂಟು ಹರಿಸಿ ಆನೆಯನ್ನು ಕೊಲ್ಲುವುದು ಅಪರಾಧ, ಸೃಷ್ಟಿಕರ್ತನ ಮುಂದೆ ಪಾಪವೂ ಹೌದು. ಅದೇ ತಂತಿಗೆ ನೆರೆಮನೆಯ ಮಗುವೂ ಬಲಿಯಾಗಬಹುದು. ಆನೆ ಕಂಡವರು ಮೊದಲು ನೆರೆಮನೆಗೆ ತಿಳಿಸಿ. ನಮ್ಮ ಊರಿನಲ್ಲಿ ಕೆಂಪು ದೀಪ ಇಲ್ಲದಿರಬಹುದು, ಆದರೆ ಚರ್ಚಿನಲ್ಲಿ ಗಂಟೆ ಇದೆಯಲ್ಲ!

ಮತ್ತೆ ಆ ಅಂಗಳಕ್ಕೆ

ಬಹಳ ವರ್ಷಗಳ ಮೇಲೆ ಒಂದು ಮೃತರ ದಿನದಂದು ಸಮಾಧಿಗಳ ಆಶೀರ್ವಾದಕ್ಕಾಗಿ ಅದೇ ಊರಿಗೆ ಹೋಗುವ ಸಂದರ್ಭ ಬಂತು. ಆ ತಾಯಿ ಗಂಡನ ಸಮಾಧಿಯ ಬಳಿ ಮೇಣದಬತ್ತಿ ಹಚ್ಚಿ ನಿಂತಿದ್ದಳು. ನನ್ನನ್ನು ಗುರುತಿಸಿದಳು. ನಾನು ಹತ್ತಿರ ಹೋಗಿ, "ಅವ್ವಾ, ಅವತ್ತು ನಾನು ಹೇಳಿದ್ದು ತಪ್ಪಾಗಿತ್ತು. ಆ ಕರಡಿಯನ್ನು ದೇವರು ಕಳಿಸಲಿಲ್ಲ" ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನನಗೂ ಹಂಗ ಅನಿಸಿತ್ರಿ ಫಾದರ್. ಆದ್ರ ನೀವ ಹೇಳಿದ್ರಿ ಅಂತ ಇಷ್ಟ ವರ್ಷ ಅನುಮಾನ ಇತ್ತು" ಎಂದಳು.

ಪ್ರಿಯರೇ, ಆ ಮಾತನ್ನು ಕೇಳಿದಾಗ ನನ್ನ ಎದೆ ಝಲ್ಲೆಂದಿತು. ಒಂದು ಗಳಿಗೆಯ ಅವಸರದಲ್ಲಿ ನಾನು ಹೇಳಿದ ಮಾತು ಒಬ್ಬ ಬಡ ವಿಧವೆಗೂ ಅವಳ ದೇವರಿಗೂ ನಡುವೆ ಅಷ್ಟು ವರ್ಷ ಬೇಲಿಯಂತೆ ನಿಂತಿತ್ತು. ಕರಡಿ ಅವಳ ಗಂಡನನ್ನು ಕಸಿಯಿತು. ಅವಳ ದೇವರನ್ನು ಕಸಿಯಲು ಹೊರಟವನು ನಾನು. ಆದರೂ ಅವಳು ಮೇಣದಬತ್ತಿ ಹಚ್ಚುವುದನ್ನು ಬಿಟ್ಟಿರಲಿಲ್ಲ. ನನ್ನ ಮಾತಿಗಿಂತ ಅವಳ ವಿಶ್ವಾಸ ಗಟ್ಟಿಯಾಗಿತ್ತು. ಅದಕ್ಕಾಗಿ ದೇವರಿಗೆ ಸ್ತುತಿ.

ಈ ಸುಗ್ಗಿಯಲ್ಲಿ ಹೊಲ ಕಾಯುವವರಿಗಾಗಿ ನಿಮ್ಮ ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ಒಂದು ಜಪ ಹೆಚ್ಚಿಗೆ ಹೇಳಿ. ನಾವೆಲ್ಲರೂ ಸೇರಿ ಹೀಗೆ ಬೇಡಿಕೊಳ್ಳೋಣ:

ಲಾಜರನ ಸಮಾಧಿಯ ಬಳಿ ಅತ್ತ ಪ್ರಭುವೇ, ಕಾಡಿಗೆ ಹೋಗಿ ಮರಳಿ ಬಾರದವರನ್ನು ನಿಮ್ಮ ಮನೆಗೆ ಸೇರಿಸಿಕೊಳ್ಳಿ. ಅವರ ಮನೆಯವರು ಕೇಳುವ ಪ್ರಶ್ನೆಯನ್ನು ತಾಳ್ಮೆಯಿಂದ ಆಲಿಸುವ ಕಿವಿಯನ್ನು ನಮಗೆ ಕೊಡಿ. ತಿಳಿದದ್ದನ್ನು ನೆರೆಯವರಿಗೆ ತಿಳಿಸುವ ಮನಸ್ಸು, ತಪ್ಪಿದ್ದಾಗ ತಪ್ಪೆಂದು ಒಪ್ಪಿಕೊಳ್ಳುವ ಧೈರ್ಯ ಕೊಡಿ. ರಾತ್ರಿ ಹೊಲದಲ್ಲಿರುವವರನ್ನೂ, ಹಸಿದು ಅಲೆಯುವ ನಿಮ್ಮ ಮೃಗಗಳನ್ನೂ ಕಾಪಾಡಿ. ಆಮೆನ್.